ಕಾಗದ ಅವರದು, ಕಾಸು ಯಾರದು?

ಶ್ರೀನಿವಾಸಪುರದ ಅಂಚೆ ಕಚೇರಿಗೆ ಹೋಗಿ ಒಂದು ಲಕೋಟೆಯನ್ನು ಸ್ಪೀಡ್ ಪೋಸ್ಟ್ ಮಾಡಿಸಿ. ತೂಕ 50 ಗ್ರಾಂ ದಾಟದಿದ್ದರೆ ಪಕ್ಕದ ಕೋಲಾರಕ್ಕೂ 47 ರೂಪಾಯಿ, ದೇಶದ ಆ ಮೂಲೆಯ ಗುವಾಹಟಿಗೂ 47 ರೂಪಾಯಿ. ಶೇ 18ರ ಜಿಎಸ್‌ಟಿ ಸೇರಿದರೆ 55 ರೂಪಾಯಿ 46 ಪೈಸೆ. 2025ರ ಅಕ್ಟೋಬರ್ 1ರಿಂದ ಬಂದ ದರವಿದು. ಕೋಲಾರಕ್ಕಾದರೆ ಬಸ್ ಹತ್ತಿ ಕೈಯಾರೆ ಕೊಟ್ಟು ಬರುವುದೇ ವಾಸಿ ಅನ್ನಿಸಬಹುದು. ‘ಶಕ್ತಿ’ ಯೋಜನೆ ಬಂದ ಮೇಲೆ ಹೆಣ್ಣುಮಕ್ಕಳಿಗಂತೂ ಸರ್ಕಾರಿ ಬಸ್ಸು ಪುಕ್ಕಟೆ. ಗುವಾಹಟಿಯ ಲೆಕ್ಕದಲ್ಲಿ ನೋಡಿದರೆ ಅದೇ 47 ರೂಪಾಯಿ ಏನೇನೂ ಅಲ್ಲ.

ತಕ್ಕಡಿಯ ಮುಳ್ಳು 51 ಗ್ರಾಮಿಗೆ ಸರಿದರೆ ಮಾತು ಬೇರೆ. ಆಗ ದೂರವನ್ನೂ ಎಣಿಸುತ್ತಾರೆ: ಕೋಲಾರಕ್ಕೆ 59, ಗುವಾಹಟಿಗೆ 77, ತೆರಿಗೆ ಬೇರೆ. ಸಾಮಾನ್ಯ ಎ4 ಹಾಳೆ ಐದು ಗ್ರಾಂ ಆಸುಪಾಸು ತೂಗುತ್ತದೆ. ಲಕೋಟೆಯೂ ಸೇರಿ ಎಂಟು ಹಾಳೆಯವರೆಗೆ ಚಿಂತೆಯಿಲ್ಲ. ಅರ್ಜಿ, ದಾಖಲೆಗಳ ಜೆರಾಕ್ಸನ್ನು ಎರಡೂ ಬದಿಗೆ ಮಾಡಿಸಿದರೆ ಉಳಿಯುವುದು ಹಾಳೆಯಷ್ಟೇ ಅಲ್ಲ.

ದೂರಕ್ಕೆ ದುಡ್ಡೋ, ತೂಕಕ್ಕೆ ದುಡ್ಡೋ? ಕೊಡಬೇಕಾದವರು ಕಳಿಸುವವರೋ, ಪಡೆಯುವವರೋ? ಟಪಾಲಿನ ಚರಿತ್ರೆಯೆಲ್ಲ ಈ ಎರಡು ಜಗಳಗಳ ಸುತ್ತಲೇ ಬೆಳೆದಿದೆ.

ಮೈಸೂರಿನ ಅಂಚೆಯನ್ನು ಕಟ್ಟಿದವರು ಚಿಕ್ಕದೇವರಾಜ ಒಡೆಯರು. 17ನೇ ಶತಮಾನದ ಕೊನೆಯ ಭಾಗದ ಮಾತು. ಕೋಲಾರ ಸೀಮೆ ಆಗ ಮೈಸೂರಿನ ಕೈಯಲ್ಲಿರಲಿಲ್ಲ. ಬಿಜಾಪುರ, ಮರಾಠರು, ಮೊಗಲರು ಎಂದು ಕೈ ಬದಲಾಗಿ, ಬೂದಿಕೋಟೆಯಲ್ಲಿ ಹುಟ್ಟಿದ ಹೈದರನ ಕಾಲಕ್ಕೆ ಅದು ಮೈಸೂರಿಗೆ ಸೇರಿತು. ಅಂಚೆ ಆಗ ಅರಮನೆಯ ಕಣ್ಣು, ಕಿವಿ. ಸುದ್ದಿ ಹೊತ್ತು ಓಡುವುದರ ಜೊತೆಗೆ ಸುದ್ದಿ ಮೂಸುವುದೂ ಅದರ ಕೆಲಸವಾಗಿತ್ತು. ರೈತನ ಮಗಳು ತವರಿಗೆ ಓಲೆ ಬರೆಯಲೆಂದು ಹುಟ್ಟಿದ ಏರ್ಪಾಡಲ್ಲ ಅದು.

ಈಸ್ಟ್ ಇಂಡಿಯಾ ಕಂಪನಿಯ ಕಾಲದಲ್ಲಿ ದುಡ್ಡು ಕೊಟ್ಟವರ ಕಾಗದವೂ ಹೋಗುವಂತಾಯಿತು. ದರ ಮಾತ್ರ ಮೈಲಿ ಎಣಿಸಿ. 1837ರ ಕಾಯ್ದೆಯ ಕಾಲಕ್ಕೆ ಕಲ್ಕತ್ತದಿಂದ ಬೊಂಬಾಯಿಗೆ ತೊಲ ತೂಕದ ಕಾಗದಕ್ಕೆ ಒಂದು ರೂಪಾಯಿ. ಮದರಾಸಿನಿಂದ ಬೆಂಗಳೂರಿಗೆ ಬರುವ ದೊಡ್ಡ ರಸ್ತೆ ಮುಳಬಾಗಿಲು, ಕೋಲಾರಗಳನ್ನು ಹಾದೇ ಬರುತ್ತಿತ್ತು. ಆ ರಸ್ತೆಯಲ್ಲಿ ಬಂದ ಕಾಗದ ಕೈಗೆ ಸಿಕ್ಕವರೆಲ್ಲ ಹಿಗ್ಗುತ್ತಿದ್ದರೆಂದು ಹೇಳಲಾಗದು. ಕಳಿಸಿದವರು ಕಟ್ಟಿರದಿದ್ದರೆ ಪಡೆಯುವವರು ಹಣ ತೆತ್ತು ಬಿಡಿಸಿಕೊಳ್ಳಬೇಕಿತ್ತು.

1854ರ ಅಕ್ಟೋಬರ್ 1ರಂದು ಲೆಕ್ಕ ತಲೆಕೆಳಗಾಯಿತು. ಕಾಲು ತೊಲ ತೂಕದೊಳಗಿನ ಕಾಗದ ಎಲ್ಲಿಂದ ಎಲ್ಲಿಗೇ ಹೋಗಲಿ, ಅರ್ಧಾಣೆಯ ಚೀಟಿ ಅಂಟಿಸಿದರೆ ಸಾಕು. ಇಂಗ್ಲೆಂಡಿನಲ್ಲಿ ರೋಲಂಡ್ ಹಿಲ್ 1840ರಲ್ಲಿ ತಂದ ಪದ್ಧತಿಯೇ ಇಲ್ಲಿಗೂ ಬಂತು. ಅದರ ಹಿಂದಿನ ತರ್ಕ ಸರಳ. ಕಾಗದವನ್ನು ವಿಂಗಡಿಸುವುದು, ಮನೆ ಹುಡುಕಿ ಕಾಸು ಕೇಳುವುದು ಇವೇ ದೊಡ್ಡ ಖರ್ಚು. ಹೊತ್ತು ಸಾಗಿಸುವುದು ಚಿಕ್ಕದು. ಕಳಿಸುವವರೇ ಮೊದಲು ಕಟ್ಟಿಬಿಟ್ಟರೆ ಅಂಚೆಯವನು ಬಾಗಿಲಲ್ಲಿ ನಿಂತು ವಾದ ಮಾಡಬೇಕಿಲ್ಲ. ಮೈಸೂರು ಸಂಸ್ಥಾನದಲ್ಲಿ ಸ್ವಂತ ಅಂಚೆ ಇನ್ನೂ ಮೂರೂವರೆ ದಶಕ ಜೊತೆಜೊತೆಗೇ ನಡೆದು, 1889ರಲ್ಲಿ ಬ್ರಿಟಿಷ್ ಅಂಚೆಯೊಳಗೆ ಸೇರಿಹೋಯಿತು.

ಮೊದಲೇ ಕಟ್ಟುವ ಈ ಪದ್ಧತಿಗೂ ಜನ ಒಂದು ಉಪಾಯ ಕಂಡುಕೊಂಡರು. ಚೀಟಿ ಹಚ್ಚದ ಕಾಗದಕ್ಕೆ ಪಡೆಯುವವರಿಂದ ದುಪ್ಪಟ್ಟು ವಸೂಲಿ ಎಂಬುದು ನಿಯಮ. ಅದೇ ‘ಬೇರಿಂಗ್’ ಕಾಗದ. ಚೀಟಿ ಹಚ್ಚಿದ್ದು ಕಳೆದರೂ ಕಳೆಯಬಹುದು, ದುಡ್ಡು ಬರಬೇಕಾದ ಕಾಗದವನ್ನು ಇಲಾಖೆ ಜೋಪಾನವಾಗಿ ತಲುಪಿಸಿಯೇ ತೀರುತ್ತದೆ ಎಂದು ಬೇಕೆಂದೇ ಬೇರಿಂಗ್ ಹಾಕುವವರಿದ್ದರು. ಬಡವರ ರಿಜಿಸ್ಟರ್ ಪೋಸ್ಟ್ ಅದು! ಚೀಟಿ ಕಡಿಮೆ ಬಿದ್ದರೆ ಆ ಕೊರತೆಯ ಇಮ್ಮಡಿ ಈಗಲೂ ಪಡೆಯುವವರ ತಲೆಗೇ. ಹಾಗಾಗಿ ದಪ್ಪನೆಯ ಲಗ್ನಪತ್ರಿಕೆಯನ್ನು ತೂಗಿಸದೆ ಐದು ರೂಪಾಯಿಯ ಚೀಟಿ ಅಂಟಿಸಿ ಡಬ್ಬಿಗೆ ಹಾಕಬೇಡಿ. ಆ ಐದು ರೂಪಾಯಿ 20 ಗ್ರಾಮಿಗೆ ಮಾತ್ರ. ಮದುವೆಗೆ ಕರೆದವರ ಹತ್ತಿರವೇ ದಂಡ ಕಟ್ಟಿಸಿದ ಹಾಗಾಗುತ್ತದೆ.

ಅಂಚೆ ಕಾರ್ಡು ಬಂದದ್ದು 1879ರ ಜುಲೈ 1ರಂದು, ಕಾಲಾಣೆಗೆ. ಇವತ್ತಿಗೂ ಅದರ ಬೆಲೆ 50 ಪೈಸೆ. ಎಂಟಾಣೆಯ ನಾಣ್ಯವೇ ಅಂಗಡಿಗಳಲ್ಲಿ ಓಡುವುದಿಲ್ಲವಾದ್ದರಿಂದ ಎರಡು ಕೊಳ್ಳುವುದು ಅನಿವಾರ್ಯ.

ಇನ್ನು ಕಾಗದ ಸಾಗುವ ದಾರಿಗಳನ್ನು ನೋಡಿ. ರೈಲು 1864ರಲ್ಲೇ ಮಾಲೂರಿನ ಮೇಲೆ ಹಾದು ಬೆಂಗಳೂರು ಮುಟ್ಟಿತ್ತು. ಜಿಲ್ಲಾ ಕೇಂದ್ರ ಕೋಲಾರಕ್ಕೆ ಬೌರಿಂಗ್‌ಪೇಟೆಯಿಂದ, ಅಂದರೆ ಇಂದಿನ ಬಂಗಾರಪೇಟೆಯಿಂದ, ಪುಟ್ಟ ರೈಲು ಬಂದದ್ದು 1913ರಲ್ಲಿ. ಮುಂದೆ ಅದೇ ಹಳಿ ಶ್ರೀನಿವಾಸಪುರ, ಚಿಂತಾಮಣಿಗಳ ಕಡೆಗೂ ಬೆಳೆಯಿತು. ಮುಳಬಾಗಿಲಿಗೆ ರಸ್ತೆಯೇ ಗತಿ. ಒಂದೊಂದು ಊರಿಗೂ ಕಾಗದ ತಲುಪುವ ದಾರಿ ಬೇರೆ ಬೇರೆ. ಚೀಟಿಯ ಬೆಲೆ ಮಾತ್ರ ಒಂದೇ.

ಈ ಅಗ್ಗದ ಟಪಾಲಿನ ಬೆನ್ನೇರಿಯೇ ಕನ್ನಡದ ಪತ್ರಿಕೆ, ಪುಸ್ತಕಗಳು ಓದುಗರ ಮನೆ ಸೇರಿದವು. ಮುಳಬಾಗಿಲಿನಲ್ಲಿ ಹುಟ್ಟಿದ ಡಿವಿಜಿ ಪತ್ರಿಕೆ ನಡೆಸಿದವರು. ಮಾಲೂರು ತಾಲ್ಲೂಕಿನ ಮಾಸ್ತಿಯವರು ಸರ್ಕಾರಿ ಕೆಲಸ ಬಿಟ್ಟ ಮೇಲೆ ‘ಜೀವನ’ ಮಾಸಪತ್ರಿಕೆಯನ್ನು ವರ್ಷಗಟ್ಟಲೆ ಹೊತ್ತವರು. ಚಂದಾ ಹಣ ಮನಿಯಾರ್ಡರಿನಲ್ಲಿ ಬರುವುದು, ಸಂಚಿಕೆ ಬುಕ್‌ಪೋಸ್ಟಿನಲ್ಲಿ ಹೋಗುವುದು, ಹಣ ಕಳಿಸದವರಿಗೆ ವಿ.ಪಿ.ಪಿ. ಹಾಕುವುದು ಆ ಕಾಲದ ಪತ್ರಿಕೆಗಳ ಉಸಿರಾಟ. 1877ರಲ್ಲಿ ಬಂದ ವಿ.ಪಿ.ಪಿ.ಯಲ್ಲಿ ಮತ್ತೆ ಪಡೆಯುವವರೇ ದುಡ್ಡು ಕೊಟ್ಟು ಬಿಡಿಸಿಕೊಳ್ಳಬೇಕು. ಇಂದಿನ ಕ್ಯಾಶ್ ಆನ್ ಡೆಲಿವರಿಗೆ ಅದು ಅಜ್ಜ. ‘ಅಂಚೆ ವೆಚ್ಚ ಪ್ರತ್ಯೇಕ’ ಎಂಬ ಸಾಲಿಲ್ಲದ ಪುಸ್ತಕ ಜಾಹೀರಾತು ಅಪರೂಪವಾಗಿತ್ತು.

ಆ ಅಂಚೆ ವೆಚ್ಚವೇ 2024ರ ಡಿಸೆಂಬರ್ 18ರಂದು ಕೈ ಸುಟ್ಟಿತು. ಮುದ್ರಿತ ಪುಸ್ತಕಗಳಿಗಿದ್ದ ರಿಯಾಯಿತಿಯ ರಿಜಿಸ್ಟರ್ಡ್ ಬುಕ್‌ಪೋಸ್ಟ್ ಅನ್ನು ಇಲಾಖೆ ಸದ್ದಿಲ್ಲದೆ ತೆಗೆದುಹಾಕಿತು. ಪುಸ್ತಕದ ಕಟ್ಟುಗಳನ್ನು ಮಾಮೂಲಿ ಪಾರ್ಸೆಲ್ಲಾಗಿ ಕಳಿಸಬೇಕಾಗಿ, ಖರ್ಚು ಎರಡು ಪಟ್ಟು ದಾಟಿತು. ಸಣ್ಣ ಪ್ರಕಾಶಕರು ಗೊಣಗಿದ್ದರಲ್ಲಿ ತಪ್ಪಿರಲಿಲ್ಲ. ಕೆಲವು ತಿಂಗಳ ಬಳಿಕ, 2025ರ ಮೇ 1ರಂದು ‘ಜ್ಞಾನ ಪೋಸ್ಟ್’ ಬಂತು: 300 ಗ್ರಾಮಿಗೆ 20 ರೂಪಾಯಿ, ಐದು ಕಿಲೋವರೆಗೆ ಗರಿಷ್ಠ 100, ತೆರಿಗೆ ಪ್ರತ್ಯೇಕ. ನಿಧಾನ, ಆದರೆ ಎಲ್ಲಿದೆ ಎಂದು ಮೊಬೈಲಿನಲ್ಲೇ ನೋಡಬಹುದು. ಮಗಳಿಗೆ ಹಾಸ್ಟೆಲಿಗೆ ಹಳೆಯ ಪಠ್ಯಪುಸ್ತಕ ಕಳಿಸುವವರು ಕೌಂಟರಿನಲ್ಲಿ ಇದರ ಹೆಸರು ಹೇಳಿ ಕೇಳಬೇಕು. ಪುಸ್ತಕದಲ್ಲಿ ಮುದ್ರಕರ ಅಥವಾ ಪ್ರಕಾಶಕರ ಹೆಸರಿರಬೇಕು, ಜಾಹೀರಾತು ತುಂಬಿರಬಾರದು. ನಿಯತಕಾಲಿಕಗಳಿಗೆ ಇದು ಸಲ್ಲದು. ಹಾಗಾಗಿ ಮಾಸ್ತಿಯವರ ‘ಜೀವನ’ ಈಗ ಬರುತ್ತಿದ್ದರೂ ಇದರಲ್ಲಿ ಹೋಗುತ್ತಿರಲಿಲ್ಲ.

2025ರಿಂದ ‘ರಿಜಿಸ್ಟರ್ ಪೋಸ್ಟ್’ ಎಂಬ ಪ್ರತ್ಯೇಕ ಸೇವೆಯೂ ಇಲ್ಲ. 1986ರ ಸ್ಪೀಡ್ ಪೋಸ್ಟಿನೊಳಗೆ ಸೇರಿದೆ. ಜಮೀನಿನ ತಕರಾರು, ವಕೀಲರ ನೋಟಿಸು, ತಾಲ್ಲೂಕು ಕಚೇರಿಯ ಅರ್ಜಿ ಎಂದರೆ ರಿಜಿಸ್ಟರೇ ಎಂದು ನಂಬಿದ್ದ ಜನಕ್ಕೆ ಇದು ಗಲಿಬಿಲಿ. ಹೆಸರು ಹೋದರೂ ಸೌಲಭ್ಯ ಉಳಿದಿದೆ. ಸ್ಪೀಡ್ ಪೋಸ್ಟ್ ಮಾಡಿಸುವಾಗ ‘ರಿಜಿಸ್ಟ್ರೇಷನ್ ಬೇಕು’ ಎಂದರೆ ಐದು ರೂಪಾಯಿ ಮತ್ತು ತೆರಿಗೆ ಹೆಚ್ಚಿಗೆ ಕೊಟ್ಟು, ವಿಳಾಸದಾರರಿಗೇ ಅಥವಾ ಅವರು ಅಧಿಕಾರ ಕೊಟ್ಟವರಿಗೇ ತಲುಪುವಂತೆ ಮಾಡಬಹುದು. ಕೇಳದಿದ್ದರೆ ಮನೆಯಲ್ಲಿದ್ದ ಯಾರ ಕೈಗಾದರೂ ಹೋಗಬಹುದು. ಅಷ್ಟೇ ಹಣಕ್ಕೆ ಒಟಿಪಿ ಹೇಳಿದರೆ ಮಾತ್ರ ಕೊಡುವ ಏರ್ಪಾಡೂ ಇದೆ. ಹಿಂದೆ 20 ಗ್ರಾಂ ರಿಜಿಸ್ಟರ್ ಕಾಗದಕ್ಕೆ ತೆರಿಗೆ ಸೇರಿ 26 ರೂಪಾಯಿಯೊಳಗೆ ಆಗುತ್ತಿತ್ತು. ಈಗ ಅದರ ಎರಡರಷ್ಟನ್ನೂ ಮೀರಿದೆ. ಬೇಗ ತಲುಪುತ್ತದೆ ಎಂಬುದು ಇಲಾಖೆಯ ಸಮಾಧಾನ. ಬೇಗ ಬೇಡ, ಭದ್ರವಾಗಿ ತಲುಪಿದರೆ ಸಾಕು ಎನ್ನುವವರಿಗೆ ಆಯ್ಕೆಯೇ ಉಳಿದಿಲ್ಲ ಎಂಬುದು ನನ್ನ ತಕರಾರು.

ಕಡಲಾಚೆಗಾದರೆ ‘ಕೊಡುವವರಾರು’ ಎಂಬ ಪ್ರಶ್ನೆ ಇನ್ನೂ ಬಿಸಿ. ಅಮೆರಿಕ ಸಣ್ಣ ಪಾರ್ಸೆಲ್ಲುಗಳ ಸುಂಕ ವಿನಾಯಿತಿ ತೆಗೆದಾಗ 2025ರ ಆಗಸ್ಟ್ ಕೊನೆಯಲ್ಲಿ ನಮ್ಮ ಅಂಚೆ ಅಲ್ಲಿಗೆ ಪಾರ್ಸೆಲ್ ಪಡೆಯುವುದನ್ನೇ ನಿಲ್ಲಿಸಿತ್ತು. ಅಕ್ಟೋಬರ್ 15ರಂದು ಮತ್ತೆ ತೆರೆದಾಗ ಸುಂಕವನ್ನು ಕಳಿಸುವವರೇ ಮುಂಚಿತವಾಗಿ ಕೌಂಟರಿನಲ್ಲಿ ಕಟ್ಟಬೇಕೆಂದಾಯಿತು. ಅಲ್ಲಿಂದ ಇಲ್ಲಿಗೆ ಬರುವ ಉಡುಗೊರೆಗೆ ಸುಂಕ ಬಿದ್ದರೆ ತೆರಬೇಕಾದವರು ಪಡೆಯುವವರು. ಇದನ್ನೇ ನೆಪ ಮಾಡಿಕೊಂಡು ‘ನಿಮ್ಮ ಪಾರ್ಸೆಲ್ ಬಂದಿದೆ, ವಿಳಾಸ ಸರಿಯಿಲ್ಲ, ಈ ಲಿಂಕ್ ಒತ್ತಿ’ ಎಂಬ ಕಳ್ಳ ಸಂದೇಶಗಳು ಅಂಚೆ ಇಲಾಖೆಯ ಹೆಸರಿನಲ್ಲೇ ಬರುತ್ತವೆ. ಒತ್ತಬೇಡಿ. ನಿಜವಾದ ಪಾರ್ಸೆಲ್ಲಿಗೆ 13 ಅಕ್ಷರ, ಅಂಕೆಗಳ ಸಂಖ್ಯೆಯಿರುತ್ತದೆ; ಅದನ್ನು ಇಲಾಖೆಯ ಜಾಲತಾಣದಲ್ಲಿ ನೀವೇ ಹಾಕಿ ನೋಡಿ, ಇಲ್ಲವೇ 1800 266 6868ಕ್ಕೆ ಕರೆ ಮಾಡಿ.

ವಿಳಾಸದ ಮಾತು ಬಂದದ್ದರಿಂದ ಪಿನ್‌ಕೋಡ್: ಕೋಲಾರ 563101, ಮಾಲೂರು 563130, ಮುಳಬಾಗಿಲು 563131, ಶ್ರೀನಿವಾಸಪುರ 563135. ಶ್ರೀರಾಮ ಭಿಕಾಜಿ ವೇಲಣಕರ್ ರೂಪಿಸಿದ ಈ ಆರಂಕಿ 1972ರ ಆಗಸ್ಟ್ 15ರಂದು ಜಾರಿಗೆ ಬಂತು. ಶ್ರೀನಿವಾಸಪುರ ಎಂಬ ಹೆಸರಿನ ಊರುಗಳು ನಾಡಿನಲ್ಲಿ ಹಲವು ಇರುವುದರಿಂದ, ಮಾವಿಗೆ ಹೆಸರಾದ ಈ ಶ್ರೀನಿವಾಸಪುರಕ್ಕೇ ಕಾಗದ ಬರಬೇಕಾದರೆ ಕೊನೆಯ 135 ತಪ್ಪಬಾರದು.

ಇಷ್ಟಾದರೂ ತಡವಾದರೆ? ಸ್ಪೀಡ್ ಪೋಸ್ಟ್ ತಡವಾಗಿ ತಲುಪಿದರೆ ಕಟ್ಟಿದ ಶುಲ್ಕ ವಾಪಸು ಕೇಳಬಹುದು. ಕಳೆದೇಹೋದರೆ ಶುಲ್ಕದ ಇಮ್ಮಡಿ ಅಥವಾ 1,000 ರೂಪಾಯಿ, ಯಾವುದು ಕಡಿಮೆಯೋ ಅದು. 47 ರೂಪಾಯಿಯ ಲಕೋಟೆಗೆ ಸಿಗುವುದು ನೂರರ ಆಸುಪಾಸು ಎಂದಾಯಿತು. ಒಳಗೆ ಅಂಕಪಟ್ಟಿ ಇತ್ತೋ ಖಾಲಿ ಹಾಳೆ ಇತ್ತೋ ಅದಕ್ಕೆ ಸಂಬಂಧವಿಲ್ಲ. ಬೆಲೆಬಾಳುವ ವಸ್ತುವಾದರೆ ಬುಕ್ ಮಾಡುವಾಗಲೇ ವಿಮೆ ಮಾಡಿಸಬೇಕು. ರಸೀದಿಯ ಅಕ್ಷರ ಬೇಗ ಮಾಸುವುದರಿಂದ ಕೌಂಟರಿನಿಂದ ಸರಿಯುವ ಮುನ್ನವೇ ಅದರದೊಂದು ಫೋಟೊ ತೆಗೆದುಕೊಳ್ಳಿ. ದೂರು ಕೊಡಲು ಹೋದಾಗ ಮೊದಲು ಕೇಳುವುದು ಅದರಲ್ಲಿರುವ ಸಂಖ್ಯೆಯನ್ನೇ.