ಹಾಸಿಗೆಯ ಬದಿಯ ಕೂಗು

ಕೆಂಬಾಳೆಯ ಕಮಲಾಪುರದಿಂದ ನಮ್ಮ ಕಾಕಾ ಅವರನ್ನು ಕಲಬುರಗಿಯ ದವಾಖಾನೆಯೊಂದಕ್ಕೆ ಕರೆತಂದ ರಾತ್ರಿ ನನಗೆ ನಿದ್ರೆಯಿಲ್ಲ. ಕಾರಣ ಅವರ ಉಬ್ಬಸವಲ್ಲ, ತಲೆದಿಂಬಿನ ಬದಿಯ ಮಾನಿಟರು. ಬೆರಳಿಗೆ ಕಚ್ಚಿಸಿದ ಕ್ಲಿಪ್ಪು ಕೆಂಪು ಬೆಳಕನ್ನೂ ಕಣ್ಣಿಗೆ ಕಾಣದ ಅವಕೆಂಪನ್ನೂ ಹಾಯಿಸುತ್ತದೆ. ನೆತ್ತರು ಯಾವುದನ್ನು ಎಷ್ಟು ಹೀರಿತೆಂಬುದರಿಂದ ಆಮ್ಲಜನಕದ ಶೇಕಡಾ ಲೆಕ್ಕ. ಜಪಾನಿನ ಟಾಕುಯೊ ಅಯೊಯಾಗಿ 1974ರಲ್ಲಿ ಬೆಳಕಿಗೆ ತಂದ ಉಪಾಯವಿದು. 2020ರ ಮಾರ್ಚಿಯಲ್ಲಿ ದೇಶದ ಮೊದಲ ಕೋವಿಡ್ ಸಾವಿನ ಸುದ್ದಿ ಹೊರಟದ್ದು ನಮ್ಮ ಕಲಬುರಗಿಯಿಂದಲೇ. ಆಮೇಲೆ ಈ ಅಂಕೆಯನ್ನು ಇಲ್ಲಿ ಮಕ್ಕಳೂ ಬಲ್ಲರು.

ಯಂತ್ರದ ಕೆಳಮಿತಿ 90 ಎಂದಿತ್ತು. ನಲವತ್ತು ವರುಷ ಬೀಡಿ ಸೇದಿದ ಕಾಕಾ ಅವರ ಎದೆಗೆ 89 ಎಂಬುದೇ ನೆಮ್ಮದಿ. ಅದು ಕೂಗಿಯೇ ಕೂಗಿತು.

"ಹೊತ್ತು ಗೊತ್ತಿಲ್ಲದ ಈ ಕೋಳಿ ಯಾರದೋ ತಮ್ಮಾ?" ಎಂದರು ಕಾಕಾ.

ಸದ್ದಡಗಿಸುವ ಗುಂಡಿಯನ್ನು ನಾನೇ ಒತ್ತಿದೆ. ಒಮ್ಮೆಯಲ್ಲ, ನಾಲ್ಕು ಸಲ. ಐದನೆಯ ಸಲವೂ ಕೈ ಅಲ್ಲಿಗೇ ಹೋಯಿತು. ಕೂಗು ಅದೇ ಕೂಗು. ಪರದೆಯ ಅಂಕೆ ಮಾತ್ರ 81! ದಾದಿ ಓಡಿಬಂದರು. ಮೂಗಿನ ನಳಿಕೆ ಜಾರಿಹೋಗಿತ್ತು.

ಬೆಳಿಗ್ಗೆ ವೈದ್ಯರು, ಇಂಥ ಶ್ವಾಸಕೋಶಕ್ಕೆ 88ರಿಂದ 92 ಸಾಕೆಂದು ಹೇಳಿ, ಕೆಳಗೆ 87, ಮೇಲೆ 93 ಎಂದು ಮಿತಿಗಳನ್ನು ಇಡಿಸಿದರು. ಮೇಲೇಕೆ ಮಿತಿ? ಕೃತಕ ಆಮ್ಲಜನಕ ಅತಿಯಾದರೆ ಇಂಥವರ ರಕ್ತದಲ್ಲಿ ಇಂಗಾಲದ ಡೈಆಕ್ಸೈಡ್ ತುಂಬಿ ಮಂಪರು ಕವಿಯುತ್ತದಂತೆ. ಪ್ರಾಣವಾಯುವಿನಿಂದಲೂ ಕೇಡುಂಟೆಂಬುದು, ತರಗತಿಯಲ್ಲಿ ಪಾಠ ಹೇಳುವ ನನಗೆ ಹೊಸದು.

ಮರುರಾತ್ರಿ ಯಂತ್ರ ಕೂಗಿದ್ದು ಎರಡೇ ಸಲ. ಎರಡು ಸಲವೂ ಎದ್ದು, ಮೊದಲು ಅಂಕೆಯನ್ನು ನೋಡಿದೆ, ಆಮೇಲೆ ಕಾಕಾ ಅವರ ಮುಖವನ್ನು.