ಕ್ಯಾನ್ಸರ್ ಗೆದ್ದ ಬಳಿಕವೂ ಹಳ್ಳಿಗರಿಗೆ ತಪ್ಪದ ಬವಣೆ

ಚಿಕಿತ್ಸೆ ಮುಗಿದರೆ ಕ್ಯಾನ್ಸರಿನ ಅಧ್ಯಾಯವೂ ಮುಗಿಯಿತೆಂಬುದು ಬಹುತೇಕರ ಭಾವನೆ. ವಾಸ್ತವ ಹಾಗಿಲ್ಲ. ಗುಣಮುಖರಾದವರು ಮುಂದೆ ಎಷ್ಟು ಆರೋಗ್ಯವಾಗಿರುತ್ತಾರೆ ಎಂಬುದು ಅವರು ವಾಸಿಸುವ ಊರನ್ನೂ ಅವಲಂಬಿಸಿದೆ.

ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಮೀಕ್ಷೆಯ 2006ರಿಂದ 2010ರವರೆಗಿನ ಮಾಹಿತಿ ಆಧರಿಸಿ 2013ರಲ್ಲಿ ಪ್ರಕಟವಾದ ಅಧ್ಯಯನವೊಂದು, ಕ್ಯಾನ್ಸರ್ ಗೆದ್ದ 7,800 ಮಂದಿಯನ್ನು ಪರಿಗಣಿಸಿತ್ತು. ತಮ್ಮ ಆರೋಗ್ಯ ಸಾಧಾರಣ ಅಥವಾ ಕಳಪೆ ಎಂದವರು ನಗರವಾಸಿಗಳಲ್ಲಿ ಸುಮಾರು ಶೇ. 27ರಷ್ಟಿದ್ದರೆ ಗ್ರಾಮೀಣರಲ್ಲಿ ಶೇ. 37ರಷ್ಟಿದ್ದರು. ವಯಸ್ಸು, ಶಿಕ್ಷಣ, ವಿಮೆಗಳ ವ್ಯತ್ಯಾಸವನ್ನು ಸರಿದೂಗಿಸಿ ನೋಡಿದಾಗಲೂ ಅಂತರ ಅಳಿಯಲಿಲ್ಲ. ಅನಾರೋಗ್ಯದಿಂದ ದುಡಿಮೆ ಕಳೆದುಕೊಂಡವರ ವಿಷಯದಲ್ಲಂತೂ ಅದು ಎದ್ದು ಕಾಣುತ್ತಿತ್ತು. ಸಿರಿವಂತ ರಾಷ್ಟ್ರದ ಸ್ಥಿತಿಯೇ ಹೀಗೆ!

ನಮ್ಮಲ್ಲಿ ತಂಬಾಕಿನ ಕೊಡುಗೆಯಾದ ಬಾಯಿ, ಗಂಟಲಿನ ಕ್ಯಾನ್ಸರನ್ನೇ ನೋಡಬಹುದು. ವಿಕಿರಣ ಚಿಕಿತ್ಸೆಯ ಬಳಿಕ ಜೊಲ್ಲು ಬತ್ತುತ್ತದೆ, ಹಲ್ಲು ಬೇಗ ಹುಳುಕಾಗುತ್ತದೆ, ಕೆಲವರಿಗೆ ಬಾಯಿ ತೆರೆಯುವುದೇ ಕಷ್ಟ. ಕತ್ತಿಗೆ ವಿಕಿರಣ ಬಿದ್ದವರಲ್ಲಿ ಥೈರಾಯ್ಡ್ ಗ್ರಂಥಿ ಕ್ರಮೇಣ ಮಂದವಾಗಬಹುದು. ಆಗ ಕಾಡುವ ದಣಿವನ್ನು ವಯಸ್ಸಿನ ದೋಷವೆಂದು ತಳ್ಳಿಹಾಕುವುದು ಸುಲಭ. ಪತ್ತೆಗೆ ಒಂದು ರಕ್ತಪರೀಕ್ಷೆ, ಪರಿಹಾರಕ್ಕೆ ದಿನಕ್ಕೊಂದು ಮಾತ್ರೆ ಸಾಕು. ನಗರದವರು ಬಡಾವಣೆಯ ಪ್ರಯೋಗಾಲಯದಲ್ಲೇ ಇದನ್ನು ಮುಗಿಸುತ್ತಾರೆ.

ಈ ಕ್ಯಾನ್ಸರ್ ಮರುಕಳಿಸುವುದು ಹೆಚ್ಚಾಗಿ ಮೊದಲ ಎರಡು-ಮೂರು ವರ್ಷಗಳಲ್ಲಿ. ಹಾಗಾಗಿ ಆರಂಭದಲ್ಲಿ ಕೆಲವೇ ತಿಂಗಳಿಗೊಮ್ಮೆ ತಪಾಸಣೆ ಅಗತ್ಯ. ಬೀದರಿನಿಂದಲೋ ರಾಯಚೂರಿನಿಂದಲೋ ಬೆಂಗಳೂರಿನ ಕಿದ್ವಾಯಿ ಸಂಸ್ಥೆಗೆ ಬರುವವರಿಗೆ ಇದು ಎರಡು ರಾತ್ರಿಯ ಪ್ರಯಾಣ. ಸ್ಲೀಪರ್ ದರ್ಜೆಯಲ್ಲಿ ರೋಗಿಗೆ ಪೂರ್ತಿ, ಜೊತೆಗಾರರೊಬ್ಬರಿಗೆ ಮುಕ್ಕಾಲು ಪಾಲು ರಿಯಾಯಿತಿಯನ್ನು ರೈಲ್ವೆ ಕೊಡುತ್ತದೆ, ನಿಜ. ಆದರೆ ಇಬ್ಬರ ಕೂಲಿ ನಷ್ಟವನ್ನು ಯಾರು ತುಂಬಿಕೊಡುತ್ತಾರೆ?

ದುಡಿಮೆಯ ಸ್ವರೂಪವೂ ಅಷ್ಟೇ ಮುಖ್ಯ. ಸ್ತನ ಕ್ಯಾನ್ಸರಿನ ಶಸ್ತ್ರಚಿಕಿತ್ಸೆಯಲ್ಲಿ ಕಂಕುಳಿನ ದುಗ್ಧರಸ ಗ್ರಂಥಿಗಳನ್ನು ತೆಗೆದರೆ ಆ ಕೈ ಊದಿಕೊಳ್ಳುವ ಸಾಧ್ಯತೆಯಿದೆ. ಗಾಯ, ಸೋಂಕು ಆಗದಂತೆ ಎಚ್ಚರ ವಹಿಸಿ ಎನ್ನುತ್ತಾರೆ ವೈದ್ಯರು. ಕಚೇರಿಯಲ್ಲಿ ಕೂರುವವರು ಇದನ್ನು ಪಾಲಿಸಬಹುದು. ಕುಡುಗೋಲು ಹಿಡಿದು ಕಳೆ ಕೀಳುವ ಕೂಲಿಕಾರ್ಮಿಕಳಿಗೆ ಅದು ಕೆಲಸ ಬಿಡಿ ಎಂದಂತೆಯೇ.

ಕ್ಯಾನ್ಸರ್ ಮರಳಿದೆಯೇ ಎಂದು ನೋಡಲು ತಜ್ಞರೇ ಬೇಕು. ಹಲ್ಲು, ಥೈರಾಯ್ಡ್, ಕೈ ಊತಗಳ ಮೇಲೆ ಕಣ್ಣಿಡುವ ಕೆಲಸವನ್ನು ಬಹುಮಟ್ಟಿಗೆ ತಾಲ್ಲೂಕು ಆಸ್ಪತ್ರೆಯೇ ನಿಭಾಯಿಸಬಲ್ಲದು, ಏನನ್ನು, ಯಾವಾಗ ಪರೀಕ್ಷಿಸಬೇಕೆಂದು ಬಿಡುಗಡೆಯ ಚೀಟಿಯಲ್ಲಿ ಕನ್ನಡದಲ್ಲಿ ಸ್ಪಷ್ಟವಾಗಿ ಬರೆದುಕೊಟ್ಟರೆ.