ಕೂಡಿಟ್ಟು ಬಾಳುವ ಬಯಲುಸೀಮೆ

ಹಾಸನ ಜಿಲ್ಲೆಯೆಂದರೆ ಹೊರಗಿನವರ ಕಣ್ಣಿಗೆ ಕಟ್ಟುವುದು ಸಕಲೇಶಪುರದ ಕಾಫಿ ತೋಟ, ಬೇಲೂರು ಹಳೇಬೀಡುಗಳ ಗುಡಿ. ಆದರೆ ಇದೇ ಜಿಲ್ಲೆಯ ಪೂರ್ವದ ಮಗ್ಗುಲಲ್ಲಿ ಮಳೆಯನ್ನು ಎಣಿಸಿಕೊಂಡು ಬದುಕುವ ಸೀಮೆಯೊಂದಿದೆ. ಸಕಲೇಶಪುರದಲ್ಲಿ ವರ್ಷಕ್ಕೆ 80 ಅಂಗುಲ ಮೀರಿ ಮಳೆಯಾದರೆ, ಸುಮಾರು 80 ಕಿ.ಮೀ. ದೂರದ ಚನ್ನರಾಯಪಟ್ಟಣದಲ್ಲಿ 28 ಅಂಗುಲದ ಆಸುಪಾಸು. ನಡುವಿನ ದಾರಿಯಲ್ಲಿ ಬೆಳೆ, ಮನೆ, ದನ, ಊಟ ಎಲ್ಲವೂ ಬದಲಾಗುತ್ತವೆ.

ಅರಕಲಗೂಡಿಗೆ ದಕ್ಷಿಣದಲ್ಲಿ ಕಾವೇರಿಯಿದೆ. ಕೃಷ್ಣರಾಜಕಟ್ಟೆಯ ನಾಲೆಗಳಲ್ಲಿ ಭತ್ತ, ಕೆಂಪು ಹೊಲಗಳಲ್ಲಿ ಹೊಗೆಸೊಪ್ಪು. ಸೊಪ್ಪಿನ ಹರಾಜು ರಾಮನಾಥಪುರದಲ್ಲಿ. ಹೊಳೆನರಸೀಪುರಕ್ಕೆ ಹೇಮಾವತಿಯೂ ಶ್ರೀರಾಮದೇವರ ಕಟ್ಟೆಯೂ ಇವೆ. ಹಾಸನದ ಸುತ್ತ ಆಲೂಗೆಡ್ಡೆ. ಜಲಂಧರಿನಿಂದ ಬಿತ್ತನೆ ಗೆಡ್ಡೆ ತಂದು, ಮುಂಗಾರಿನಲ್ಲಿ ಊರಿ, ಮಳೆಯಲ್ಲೇ ಕಿತ್ತು, ಒಡನೆ ಮಾರಬೇಕು. ಇಟ್ಟರೆ ಕೊಳೆಯುತ್ತದೆ. ಅಂಗಮಾರಿ ರೋಗದ ಹೊಡೆತಕ್ಕೆ ಸಿಕ್ಕಿ ಅನೇಕರು ಮುಸುಕಿನ ಜೋಳಕ್ಕೂ ಶುಂಠಿಗೂ ತಿರುಗಿದ್ದಾರೆ.

ಚನ್ನರಾಯಪಟ್ಟಣದ ಬಯಲಿನ ಲೆಕ್ಕವೇ ಬೇರೆ. ಇಲ್ಲಿ ಪುರಾತನದಿಂದಲೂ ಬೆಲೆ ಇದ್ದದ್ದು ಕೂಡಿಡಲು ಬರುವ ವಸ್ತುವಿಗೆ. ಮೊದಲನೆಯದು ರಾಗಿ. ಗಟ್ಟಿ ನೆಲದಲ್ಲಿ ಬಾಯಿ ಕಿರಿದಾಗಿ, ಹೊಟ್ಟೆ ಅಗಲವಾಗಿ ಹಗೇವು ತೋಡಿ, ಹುಲ್ಲು ಹಾಸಿ ರಾಗಿ ಸುರಿದು, ಚಪ್ಪಡಿ ಮುಚ್ಚಿ ಮಣ್ಣು ಮೆತ್ತುತ್ತಿದ್ದರು. ವರ್ಷಗಟ್ಟಲೆ ಕಾಳು ಕೆಡುತ್ತಿರಲಿಲ್ಲ. ಜಲ ಒಸರುವ ಮಲೆನಾಡಿನ ನೆಲದಲ್ಲಿ ಇದು ಆಗದ ಮಾತು. ಹಗೇವು ತೆರೆದ ಕೂಡಲೇ ಯಾರೂ ಇಳಿಯುವಂತಿರಲಿಲ್ಲ. ಕೆಟ್ಟ ಗಾಳಿ ಹೋಗಲೆಂದು ಬಿಟ್ಟು, ದೀಪ ಇಳಿಬಿಟ್ಟು, ಅದು ಆರದಿದ್ದರೆ ಮಾತ್ರ ಆಳು ಇಳಿಯುತ್ತಿದ್ದ. ಬರ ಬಂದಾಗ ಹಗೇವು ಇದ್ದ ಮನೆ ಊರಿಗೇ ಆಸರೆ.

ಎರಡನೆಯದು ಕೊಬ್ಬರಿ. ಬಲಿತ ತೆಂಗಿನಕಾಯಿಯನ್ನು ಸಿಪ್ಪೆಸಮೇತ ಅಟ್ಟಕ್ಕೆ ಹಾಕಿ ಎಂಟು ಹತ್ತು ತಿಂಗಳು ಬಿಟ್ಟರೆ ಒಳಗಿನ ನೀರು ಬತ್ತಿ, ತಿರುಳು ಚಿಪ್ಪಿನಿಂದ ಬಿಡುತ್ತದೆ. ಅಲ್ಲಾಡಿಸಿದರೆ ಉಂಡೆ ಸದ್ದು ಮಾಡುತ್ತದೆ. ಆಗ ಸುಲಿದು, ಚಿಪ್ಪು ಒಡೆದು ತಿಪಟೂರಿನ ಮಾರುಕಟ್ಟೆಗೆ ಒಯ್ಯುವುದು. ಮದುವೆ, ಮಕ್ಕಳ ಓದು, ಆಸ್ಪತ್ರೆಯ ಖರ್ಚು ಏನೇ ಬರಲಿ, ಅಟ್ಟದ ಕಾಯಿಯೇ ಬ್ಯಾಂಕು. ಈಗ ತೋಟದ ಬಾಗಿಲಿಗೇ ಬಂದು ಎಳನೀರು ಕೊಂಡು, ಕೈಯಲ್ಲಿ ಕಾಸು ಇಡುವವರಿದ್ದಾರೆ. ಸಾಲದ ಕಂತು ಕಟ್ಟಬೇಕಾದವನು ಹತ್ತು ತಿಂಗಳು ಕಾಯಲಾರ, ಅವನನ್ನು ದೂರುವುದು ನ್ಯಾಯವಲ್ಲ. ಆದರೆ ತಾರಸಿ ಮನೆ ಕಟ್ಟುವಾಗ ಅಟ್ಟವನ್ನೇ ಮರೆತವರು, ಕೊಬ್ಬರಿಯ ಬೆಲೆ ಏರಿದ ವರ್ಷ ಪರಿತಪಿಸುವುದುಂಟು.

ದನವೂ ಹೀಗೆಯೇ. ಹಳ್ಳಿಕಾರ್ ಕರುಗಳನ್ನು ಕೊಂಡು, ಸಾಕಿ, ಪಳಗಿಸಿ, ಸುಗ್ಗಿ ಮುಗಿದ ಮೇಲೆ ಬೂಕನಬೆಟ್ಟದ ಜಾತ್ರೆಯಲ್ಲಿ ಜೋಡಿ ಮಾಡಿ ಮಾರುವುದು. ಟ್ರ್ಯಾಕ್ಟರು ಬಂದ ಮೇಲೂ ಈ ಹವ್ಯಾಸ ಪೂರ್ತಿ ಹೋಗಿಲ್ಲ.

ಇನ್ನು ನೀರು. ಕ್ರಿ.ಶ. 981ರಲ್ಲಿ ಚಾವುಂಡರಾಯ ಗೊಮ್ಮಟನನ್ನು ನಿಲ್ಲಿಸಿದ ಊರಿಗೆ ಬೆಳಗೊಳ, ಅಂದರೆ ಬಿಳಿಯ ಕೊಳ ಎಂಬ ಹೆಸರು. ಊರಿಗೆ ಹೆಸರು ಬೆಟ್ಟದಿಂದ ಬರಲಿಲ್ಲ, ನೀರಿನಿಂದ ಬಂತು. ರಾಜಸ್ಥಾನದ ಜೈಸಲ್ಮೇರ್ ಮರಳುಗಾಡಿನ ಜಿಲ್ಲೆ. ಅಲ್ಲಿ ವಾರ್ಷಿಕ ಸರಾಸರಿ ಮಳೆ 8 ಅಂಗುಲವನ್ನೂ ಮುಟ್ಟುವುದಿಲ್ಲ. ಅಲ್ಲಿಯ ರೈತರು ಇಳಿಜಾರಿನ ಬುಡದಲ್ಲಿ ‘ಖಡೀನ್’ ಎಂಬ ಮಣ್ಣಿನ ಏರಿ ಹಾಕಿ, ನಿಂತ ನೀರು ಇಂಗಿದ ಮೇಲೆ ಆ ತೇವದಲ್ಲೇ ಗೋಧಿ, ಕಡಲೆ ಬೆಳೆಯುತ್ತಾರೆ. ಅವರೆದುರು ನಮ್ಮ 28 ಅಂಗುಲ ಐಶ್ವರ್ಯವೇ ಸರಿ. ಹಿರಿಯರು ಅದನ್ನು ಸರಪಳಿ ಕೆರೆಗಳಲ್ಲಿ ಹಿಡಿದರು. ಮೇಲಿನ ಕೆರೆಯ ಕೋಡಿ ಬಿದ್ದರೆ ಕೆಳಗಿನದಕ್ಕೆ ನೀರು.

1979ರಲ್ಲಿ ಗೊರೂರಿನ ಹೇಮಾವತಿ ಅಣೆಕಟ್ಟು ಪೂರ್ಣಗೊಂಡಿತು. ಹಿಡಿಯುವ ನೀರು ಸುಮಾರು 37 ಟಿ.ಎಂ.ಸಿ. ಎಡದಂಡೆ ನಾಲೆ ಚನ್ನರಾಯಪಟ್ಟಣವನ್ನು ಹಾಯ್ದು, ಬಾಗೂರು–ನವಿಲೆಯ ಸುಮಾರು 10 ಕಿ.ಮೀ. ಸುರಂಗದಿಂದ ತುಮಕೂರಿನ ಕಡೆ ಹೋಗುತ್ತದೆ. ಸುರಂಗ ಕೊರೆದ ಮೇಲೆ ಸುತ್ತಲ ಬಾವಿಗಳು ಬತ್ತಿದವೆಂದು ಅಲ್ಲಿನ ರೈತರು ಪರಿಹಾರ ಕೇಳುತ್ತ ಬಂದಿದ್ದಾರೆ. ನಾಲೆಯ ನೀರು ಹರಿದ ಕಡೆ ಕೆರೆ ತುಂಬಿಸುವುದರಿಂದ ತೆಂಗು ಉಳಿದಿದೆ. ನಾಲೆ ಮುಟ್ಟದ ಕಡೆ ಕೊಳವೆಬಾವಿಯೇ ಗತಿ, ಅದೂ ವರ್ಷದಿಂದ ವರ್ಷಕ್ಕೆ ಆಳಕ್ಕಿಳಿಯುತ್ತಿದೆ.

ನಾಲೆಗೆ ನೀರು ಬಿಡುವುದು ಊರಿನವರ ಕೈಯಲ್ಲಿಲ್ಲ. ಕೆರೆಗೆ ಮಳೆನೀರು ತರುವ ಹಳ್ಳದ ದಾರಿ ಬಿಡಿಸುವುದು ಕೈಯಲ್ಲಿದೆ. ಅನೇಕ ಕಡೆ ಈ ದಾರಿ ಉತ್ತು ಹೊಲಕ್ಕೆ ಸೇರಿಹೋಗಿದೆ. ಸರ್ವೆ ನಕ್ಷೆಯಲ್ಲಿ ಇನ್ನೂ ಗೆರೆಯಿರುತ್ತದೆ, ಪಂಚಾಯಿತಿಯವರನ್ನು ಕೂಡಿಸಿಕೊಂಡು ಅಳೆಸಬಹುದು. ಬೇಸಿಗೆಯಲ್ಲಿ ಕೆರೆ ಒಣಗಿದಾಗ ಅನುಮತಿ ಪಡೆದು ಗೋಡು ತೆಗೆದು ತೆಂಗಿನ ಪಾತಿಗೆ ಹಾಕಿದರೆ ಮರಳು ಮಿಶ್ರಿತ ಕೆಂಪು ನೆಲ ತೇವ ಹಿಡಿಯುತ್ತದೆ. ಈ ಕೆಲಸ ಮುಂಗಾರಿಗೆ ಮೊದಲೇ ಮುಗಿಯಬೇಕು.